ಹಂಪೆಯನ್ನು ಕುರಿತ ಗ್ರಂಥಗಳಲ್ಲಿ ಪ್ರಮಾಣವಿಚಾರ

ಒಂದು ಸೀಮೆಯ ಇತಿಹಾಸವನ್ನು ಹೇಳಬೇಕು, ಅಲ್ಲಿಗೆ ಬರುವ ಯಾತ್ರಿಕನಿಗೆ ದಾರಿಯನ್ನೂ ತೋರಿಸಬೇಕು ಎಂಬ ಎರಡು ಉದ್ದೇಶಗಳಿಂದ ಹುಟ್ಟಿದ ಗ್ರಂಥಗಳು ಕನ್ನಡದಲ್ಲಿ ಈಗ ವಿಪುಲವಾಗಿರುವುವು. ಇವು ವಿಮರ್ಶಕರ ಕಣ್ಣಿಗೆ ಬೀಳುವುದು ಮಾತ್ರ ಅಪೂರ್ವ. ಕಾವ್ಯದ ಒಂದು ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಶ್ರಮಪಡುವ ವಿದ್ವಾಂಸರು ಸ್ಥಳಪುಸ್ತಕವೊಂದನ್ನು ಕೊಂಡು, ಊರನ್ನು ನೋಡಿ, ಮನೆಗೆ ಮರಳಿದ ಮೇಲೆ ಅದನ್ನು ಅಟ್ಟಕ್ಕೆ ಎಸೆದುಬಿಡುವರು. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಡಿನ ಪೂರ್ವೇತಿಹಾಸವನ್ನು ಮೊದಲು ಅರಿಯುವುದು ಇಂತಹ ಪುಸ್ತಕಗಳಿಂದಲೇ. ಎಷ್ಟೋ ಮಂದಿ ಕೊನೆಯವರೆಗೆ ಅರಿತಿರುವುದೂ ಇಷ್ಟೇ. ಹೀಗಿರಲು ಇವುಗಳ ಗುಣದೋಷಗಳನ್ನು ಪರೀಕ್ಷಿಸುವುದು ಅಲ್ಪವಿಷಯವಲ್ಲ. ಪ್ರಕೃತ ಲೇಖನದಲ್ಲಿ ಹಂಪೆಯೊಂದನ್ನೇ ತೆಗೆದುಕೊಂಡು, ಸ್ಥಾಲೀಪುಲಾಕನ್ಯಾಯದಿಂದ ಈ ಗ್ರಂಥಜಾತಿಯನ್ನು ವಿಚಾರಿಸಲು ಯತ್ನಿಸುವೆನು.

ವಿಚಾರಕ್ಕೆ ಒಂದು ಅಳತೆಗೋಲು ಬೇಕು. ಅದನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಮೀಮಾಂಸಕರು ಅರ್ಥವಾದವಾಕ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ಬೇರೆ ಪ್ರಮಾಣಕ್ಕೆ ವಿರುದ್ಧವಾಗಿ ತೋರುವ ಮಾತು ಗುಣವಾದ; ಯೂಪವನ್ನು ಸೂರ್ಯನೆಂದು ಹೇಳಿದರೆ ಅದರ ತೇಜಸ್ಸನ್ನು ಗ್ರಹಿಸಬೇಕೇ ಹೊರತು ಮರದ ಕಂಬವು ಆಕಾಶದಲ್ಲಿ ಉದಯಿಸಿತೆಂದು ತಿಳಿಯಕೂಡದು. ಬೇರೆ ಪ್ರಮಾಣದಿಂದ ಮೊದಲೇ ತಿಳಿದುದನ್ನು ಮತ್ತೆ ಹೇಳುವುದು ಅನುವಾದ. ಬೆಂಕಿಯಿಂದ ಚಳಿ ನೀಗುವುದೆಂಬ ಮಾತು ಇಂತಹುದು. ಬೇರೆ ಪ್ರಮಾಣದ ವಿರೋಧವೂ ಇಲ್ಲದೆ, ಬೆಂಬಲವೂ ಇಲ್ಲದೆ, ಹಿಂದೆ ನಡೆದುದನ್ನು ತಿಳಿಸುವುದು ಭೂತಾರ್ಥವಾದ. ಸ್ಥಳಪುಸ್ತಕದ ಪ್ರತಿಯೊಂದು ವಾಕ್ಯವನ್ನೂ ಈ ಮೂರರಲ್ಲಿ ಒಂದಕ್ಕೆ ಸೇರಿಸಬಹುದೆಂದು ನನಗೆ ತೋರುತ್ತದೆ. ಇವುಗಳ ದೋಷವು ಐತಿಹ್ಯಗಳನ್ನು ಹೇಳುವುದರಲ್ಲಿ ಇಲ್ಲ. ಗುಣವಾದವನ್ನು ಭೂತಾರ್ಥದ ಸ್ವರದಲ್ಲಿ ಹೇಳುವುದರಲ್ಲಿ ಇರುವುದು.

ಎಲ್ಲರೂ ಬಲ್ಲ ಒಂದು ಮಾತಿನಿಂದ ಪ್ರಾರಂಭಿಸೋಣ. ವಿಜಯನಗರದ ಬೀದಿಗಳಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಮಾರುತ್ತಿದ್ದರೆಂಬುದು ಕನ್ನಡಿಗರ ಮನೆಮಾತು. ಕೈಪಿಡಿಗಳು ಇದನ್ನು ಬರೆದು, ವಿದೇಶೀಯ ಪ್ರವಾಸಿಗಳೇ ಕಣ್ಣಾರೆ ಕಂಡು ಹೇಳಿರುವರೆಂದು ಸೇರಿಸುವುವು. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಹೇಳಿರುವುದು, ರತ್ನದ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸ ಡೊಮಿಂಗೊ ಪಾಯಸನೂ ಪೇಟೆಯಲ್ಲಿ ಸಿಕ್ಕುವ ರತ್ನಗಳನ್ನು ಬಟ್ಟೆಗಳ ಜೊತೆಯಲ್ಲಿ ಎಣಿಸಿರುವನು. ಬಳ್ಳದ ಮಾತು ಇಬ್ಬರಲ್ಲಿಯೂ ಇಲ್ಲ. ಬಹಿರಂಗವಾಗಿ ಮಾರುವುದು ನಿರ್ಭಯತ್ವದ ಲಕ್ಷಣ. ಧಾನ್ಯದಂತೆ ಅಳೆಯುವುದು ಸಮೃದ್ಧಿಯ ಅತಿಶಯೋಕ್ತಿ. ಜನರ ಬಾಯಲ್ಲಿ ಆ ಅತಿಶಯೋಕ್ತಿ ಅಲಂಕಾರವೇ ಸರಿ. ಅದನ್ನು ಪರದೇಶಿಯ ಸಾಕ್ಷ್ಯವೆಂದು ಮುದ್ರಿಸಿದಾಗ ಅಲಂಕಾರವು ಹೋಗಿ, ಅಸತ್ಯವು ಉಳಿಯುತ್ತದೆ. ಇದರಿಂದ ಒಂದು ಒಳ್ಳೆಯ ಸಂಗತಿಯೂ ಮರೆಯಾಯಿತು. ಕಳ್ಳರ ಭಯವಿಲ್ಲದೆ ವರ್ತಕನು ರತ್ನವನ್ನು ಬಿಚ್ಚಿಡಬಲ್ಲ ರಾಜ್ಯವ್ಯವಸ್ಥೆಯೇ ಬಳ್ಳಕ್ಕಿಂತ ದೊಡ್ಡ ಪ್ರಶಂಸೆಯಲ್ಲವೆ?

ಇನ್ನು ನಗರದ ಉತ್ಪತ್ತಿಯ ವಿಷಯ. ಮೊಲವು ಬೇಟೆನಾಯಿಗಳನ್ನು ಅಟ್ಟಿತೆಂದೂ, ಯತಿಯ ಸೂಚನೆಯಂತೆ ಆ ಸ್ಥಳದಲ್ಲಿ ೧೩೩೬ರಲ್ಲಿ ನಗರವನ್ನು ಕಟ್ಟಿದರೆಂದೂ ಎಲ್ಲ ಪುಸ್ತಕಗಳೂ ಹೇಳುವುವು. ಮೊಲದ ಕಥೆ ಬೇರೆ ರಾಜಧಾನಿಗಳಿಗೂ ಹೇಳಿರುವ ಕಥೆಯಾದಕಾರಣ, ಅದು ನೆಲದ ವೀರಗುಣವನ್ನು ಹೊಗಳುವ ಗುಣವಾದವೆಂಬುದು ಸ್ಪಷ್ಟ. ವಿದ್ಯಾರಣ್ಯರ ವಿಷಯ ಅಷ್ಟು ಸುಲಭವಾದುದಲ್ಲ. ೧೩೪೬ರಲ್ಲಿ ಹರಿಹರನು ಸಹೋದರರೊಡನೆ ಶೃಂಗೇರಿಗೆ ಹೋಗಿ ಭಾರತೀತೀರ್ಥರಿಗೆ ಭೂದಾನ ಮಾಡಿದನೆಂಬುದು ಶಾಸನಸಿದ್ಧ. ನಗರಸ್ಥಾಪನೆಯನ್ನು ವಿದ್ಯಾರಣ್ಯರಿಗೆ ಹೇಳುವ ಕಥೆ ಮುಂದಿನ ಕಾಲದ ರಚನೆಯೆಂದು ೧೯೨೯ರಲ್ಲಿ ಫಾದರ್ ಹೆರಾಸರು ವಾದಿಸಿದರು. ಅದಕ್ಕೆ ಉಗ್ರವಾದ ಪ್ರತಿವಾದಗಳೂ ಹೊರಟವು. ಕೈಪಿಡಿಯು ಈ ವಾದವನ್ನೆಲ್ಲ ಹೇಳಬೇಕಾಗಿಲ್ಲ. ವಾದವೊಂದು ಇದೆಯೆಂಬುದನ್ನು ಒಂದು ವಾಕ್ಯದಿಂದ ತಿಳಿಸಬಹುದಾಗಿತ್ತು. ಹಾಗೆಯೇ ಹಂಪೆಯ ಚರಿತ್ರೆಯನ್ನು ೧೩೩೬ರಿಂದ ತೊಡಗುವ ಪದ್ಧತಿಯೂ ಸಾಧುವಲ್ಲ. ಆ ಸಾಮ್ರಾಜ್ಯ ಹುಟ್ಟುವುದಕ್ಕೆ ಮೊದಲೇ ಹರಿಹರಕವಿಯು ವಿರೂಪಾಕ್ಷನ ಸನ್ನಿಧಿಯಲ್ಲಿದ್ದು ಕಾವ್ಯರಚನೆ ಮಾಡಿದನು, ಪಂಪಾಶತಕ ಅವನದೇ. ಕ್ಷೇತ್ರವು ಮೊದಲು, ರಾಜಧಾನಿ ಆಮೇಲೆ. ಕನ್ನಡ ಸಾಹಿತ್ಯವನ್ನು ಓದಿದವನಿಗೆ ತಿಳಿದಿರುವ ಈ ಕ್ರಮ ಕನ್ನಡದ ಕೈಪಿಡಿಗೇ ತಿಳಿಯದಿರುವುದು ವಿಷಾದಕರ.

ಇದಕ್ಕೆ ಕಾರಣವನ್ನು ಹುಡುಕಿದರೆ, ನಮ್ಮ ಪುಸ್ತಕಗಳ ಮೂಲ ಇಂಗ್ಲಿಷಿನಲ್ಲಿರುವುದು ತಿಳಿಯಬರುತ್ತದೆ. ರಾಬರ್ಟ್ ಸೂಯೆಲ್ಲರು ೧೯೦೦ರಲ್ಲಿ ವಿಜಯನಗರವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸರು ಅಚ್ಚು ಮಾಡಿಸಿದ್ದ ಪಾಯಸ, ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಅದರಲ್ಲಿ ಸೇರಿಸಿದುದು ಮಹೋಪಕಾರ. ಆ ಋಣವನ್ನು ಕನ್ನಡಿಗರು ಮರೆಯಕೂಡದು. ಆದರೆ ಮರೆತುಹೋದ ಸಾಮ್ರಾಜ್ಯವೆಂಬ ಅರ್ಥದ ಅದರ ಹೆಸರನ್ನು ನಾವೂ ಹಿಂದುಮುಂದು ನೋಡದೆ ಹೇಳುತ್ತ ಬಂದುದೇಕೆ? ವಿರೂಪಾಕ್ಷನಿಗೆ ತೇರನ್ನೆಳೆಯುವ ಜನ ಮರೆತಿದ್ದರೆ? ರಾಜರ ಅನುಕ್ರಮವೂ ಯುದ್ಧಗಳ ಕಾಲವೂ ಜನರಿಗೆ ತಪ್ಪಿಹೋಗಿದ್ದುದು ನಿಜ, ನೆನಪು ತಪ್ಪಿರಲಿಲ್ಲ. ೧೯೦೫ರಲ್ಲಿ ಆಲೂರು ವೆಂಕಟರಾಯರು ಅಲ್ಲಿಗೆ ಹೋಗಿ ಭಾವಪರವಶರಾದುದೂ, ೧೯೧೭ರಲ್ಲಿ ಅವರ ಕರ್ನಾಟಕ ಗತವೈಭವ ಹೊರಟುದೂ ಆ ನೆನಪಿನ ಬಲದಿಂದಲೇ. ಅದು ಉದ್ಬೋಧನೆಗಾಗಿ ಬರೆದ ಗ್ರಂಥ. ತನ್ನ ಉದ್ದೇಶವನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಅದನ್ನು ಶಾಸನಸಂಪುಟದಂತೆ ಓದುವುದು ಓದುವವನ ತಪ್ಪು.

ಅದೇ ೧೯೧೭ರಲ್ಲಿ ಪ್ರಕಟವಾದ ಲಾಂಗ್‌ಹರ್ಸ್ಟರ ಹಂಪೆಯ ಗ್ರಂಥ ಎಲ್ಲ ಕೈಪಿಡಿಗಳಿಗೂ ಮಾತೃಕೆ. ಹಾಳುಬಿದ್ದ ಕಟ್ಟಡಗಳನ್ನು ಕ್ರಮವಾಗಿ ವರ್ಣಿಸಿ, ನೋಡುವವನಿಗೆ ಒಂದು ಮಾರ್ಗವನ್ನು ಹಾಕಿಕೊಟ್ಟ ಕೀರ್ತಿ ಅವರದು. ಅವರ ತಪ್ಪುಗಳು ಆ ಕಾಲದ ಸಾಮಗ್ರಿಯ ಮಿತಿಯಿಂದ ಬಂದುವು. ಅವರ ನಂತರ ನೂರು ವರ್ಷ ಅವನ್ನೇ ನಕಲು ಮಾಡಿದವರ ತಪ್ಪಿಗೆ ಆ ಸಮಾಧಾನವಿಲ್ಲ. ಉದಾಹರಣೆಗೆ ವಿಠ್ಠಲದೇವಾಲಯ. ಅದು ಪೂರ್ತಿಯಾಗಲಿಲ್ಲ, ಬಹುಶಃ ಪ್ರತಿಷ್ಠೆಯೂ ಆಗಲಿಲ್ಲವೆಂಬ ಊಹೆಯನ್ನು ಕೈಪಿಡಿಗಳು ನಿಶ್ಚಯವಾಗಿ ಮಾಡಿಕೊಂಡು, ವಿಠ್ಠಲನು ಒಲ್ಲದೆ ಪಂಢರಪುರಕ್ಕೆ ಹಿಂದಿರುಗಿದನೆಂಬ ಐತಿಹ್ಯವನ್ನು ಅದಕ್ಕೆ ಹೊಂದಿಸಿದುವು. ಶಾಸನಗಳು ಬೇರೆ ಮಾತನ್ನಾಡುವುವು. ೧೫೧೩ರಲ್ಲಿ ಕೃಷ್ಣದೇವರಾಯನ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರ ಗೋಪುರಗಳು. ಅನಂತರ ನೂರುಕಂಬದ ಮಂಟಪ. ೧೫೫೪ರಲ್ಲಿ, ಸದಾಶಿವರಾಯನ ಆಳಿಕೆಯಲ್ಲಿ, ಉದಯಗಿರಿ ತಿಮ್ಮರಾಜನ ಉಯ್ಯಾಲೆಮಂಟಪ. ದೇವರಿಲ್ಲದ ಗುಡಿಗೆ ಉಯ್ಯಾಲೆಯನ್ನು ಯಾರು ಕಟ್ಟಿಸುವರು? ಉತ್ಸವಮೂರ್ತಿಯನ್ನು ತೂಗುವುದಕ್ಕಲ್ಲವೆ ಆ ಮಂಟಪ? ಇಷ್ಟು ಅನುಮಾನಕ್ಕೆ ಪಾಂಡಿತ್ಯವೇ ಬೇಕಾಗಿಲ್ಲ. ಅದೇ ಅಂಗಳದ ಕಲ್ಲಿನ ರಥವನ್ನು ಏಕಶಿಲೆಯದೆಂದು ಇಂದಿಗೂ ಬರೆಯುವರು. ಅದು ಅನೇಕ ಕಲ್ಲುಗಳನ್ನು ಜೋಡಿಸಿದ ಗರುಡನ ಗುಡಿ. ೧೮೫೬ರಲ್ಲಿ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೂ ಕಾಣುವುದು. ಇಲ್ಲಿ ಶಾಸನವೂ ಬೇಡ. ಕಲ್ಲಿನ ಸಂದುಗಳನ್ನು ನೋಡುವ ಕಣ್ಣು ಸಾಕು.

ಹೆಸರುಗಳ ಗೊಂದಲ ಇದಕ್ಕಿಂತ ಹೆಚ್ಚಿನದು. ಕಮಲಮಹಲು, ರಾಣಿಯರ ಅಂತಃಪುರ, ರಾಣಿಯ ಸ್ನಾನಗೃಹ ಇವೆಲ್ಲ ನಗರವು ಹಾಳಾದ ಎಷ್ಟೋ ಕಾಲದ ಮೇಲೆ ಬಂದ ಹೆಸರುಗಳು. ಅಂತಃಪುರವೆಂದು ಹೇಳುವ ಆವರಣದ ಪಕ್ಕದಲ್ಲಿಯೇ ಹನ್ನೊಂದು ಅಂಕಣಗಳ ಆನೆಲಾಯವಿರುವುದು. ಮದ್ದಾನೆಗಳನ್ನೂ ಮಾವಟಿಗರನ್ನೂ ರಾಣೀವಾಸದ ಮಗ್ಗುಲಿಗೆ ತಂದು ನಿಲ್ಲಿಸಿದ ರಾಜನಾರೆಂದು ಕೇಳಿದ ಕೈಪಿಡಿಯನ್ನು ನಾನು ಕಂಡಿಲ್ಲ. ಉಗ್ರನರಸಿಂಹನೆಂಬ ಹೆಸರನ್ನಾದರೂ ನೋಡಿ. ೧೫೨೮ರಲ್ಲಿ ಕೃಷ್ಣದೇವರಾಯನು ಪ್ರತಿಷ್ಠೆ ಮಾಡಿಸಿದ ಆ ಮೂರ್ತಿ ತೊಡೆಯ ಮೇಲೆ ಲಕ್ಷ್ಮಿಯನ್ನು ಕುಳ್ಳಿರಿಸಿಕೊಂಡಿದ್ದ ಶಾಂತಮೂರ್ತಿ. ದೇವಿಯ ವಿಗ್ರಹವು ಒಡೆದುಹೋಗಿ, ಅಗಲವಾದ ಕಣ್ಣುಗಳೂ ಕೋರೆಗಳೂ ಮಾತ್ರ ಎದ್ದು ಕಂಡುದರಿಂದ ಲಕ್ಷ್ಮೀನರಸಿಂಹನು ಉಗ್ರನಾದನು. ಭಗ್ನತೆಯನ್ನೇ ಶಿಲ್ಪಿಯ ಅಭಿಪ್ರಾಯವೆಂದು ವ್ಯಾಖ್ಯಾನಿಸಿದಂತಾಯಿತು. ಹಾಳೆ ಹರಿದ ಓಲೆಯ ಪ್ರತಿಯನ್ನೇ ಕವಿಯ ಪಾಠವೆಂದು ಸಂಪಾದಕನೊಬ್ಬನು ಅಚ್ಚು ಹಾಕಿಸಿದರೆ ನಾವು ಸುಮ್ಮನಿರುವೆವೆ?

ಪರರ ದೋಷವನ್ನು ಎತ್ತಿಹೇಳುವವನು ತನ್ನದನ್ನೂ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳನ್ನು ಹಂಪೆಗೆ ಕರೆದುಕೊಂಡು ಹೋಗಿದ್ದಾಗ, ಕೈಯಲ್ಲಿದ್ದ ಪುಸ್ತಕವನ್ನು ನಂಬಿ, ಹಜಾರರಾಮ ಎಂದರೆ ಸಾವಿರ ರಾಮರೆಂದೂ, ಗೋಡೆಗಳ ಮೇಲೆ ರಾಮಾಯಣದ ಶಿಲ್ಪಗಳಿರುವುದೇ ಅದಕ್ಕೆ ಕಾರಣವೆಂದೂ ಗಂಭೀರವಾಗಿ ಹೇಳಿದೆನು. ಒಬ್ಬ ಹುಡುಗನು ಕೈ ಮುಗಿದು, “ಗುರುಗಳೇ, ಹಜಾರ್ ಎಂಬುದು ಪಾರಸೀ ಮಾತಲ್ಲವೆ? ದೇವರ ಗುಡಿಗೆ ರಾಯರು ಆ ಹೆಸರನ್ನೇಕೆ ಇಟ್ಟರು?” ಎಂದು ಕೇಳಿದನು. ನಾನು ಏನೋ ಒಂದು ಸಮಾಧಾನ ಹೇಳಿ ಮುಂದಕ್ಕೆ ನಡೆದೆನು. ತೆಲುಗಿನಲ್ಲಿ ಹಜಾರವೆಂದರೆ ಅರಮನೆಯ ಮುಂಭಾಗದ ಸಭಾಂಗಣವೆಂಬುದು ಅನಂತರ ತಿಳಿಯಿತು. ನಮ್ಮ ಮನೆಗಳ ಹಜಾರವೂ ಅದೇ ಅಲ್ಲವೆ! ಅರಮನೆಯ ಅಂಗಳದಲ್ಲಿರುವ ರಾಮನ ಗುಡಿಗೆ ಇದಕ್ಕಿಂತ ಸಹಜವಾದ ಹೆಸರು ಯಾವುದು? ಮನೆಯ ನಡುವೆ ಇದ್ದ ಮಾತನ್ನು ಬಿಟ್ಟು ಪುಸ್ತಕದ ಅರ್ಥವನ್ನು ಹುಡುಗರ ತಲೆಗೆ ತುಂಬಿದೆನು. ಆ ಹುಡುಗರಲ್ಲಿ ಕೆಲವರು ಈಗ ಉಪಾಧ್ಯಾಯರಾಗಿರುವರು. ಅವರು ಏನನ್ನು ಹೇಳಿಕೊಡುತ್ತಿರುವರೋ ಎಂಬ ಸಂಕೋಚ ನನ್ನನ್ನು ಬಿಟ್ಟಿಲ್ಲ. ಅಂಧಪರಂಪರೆ ಎಂಬುದು ಹೀಗೆಯೇ ಬೆಳೆಯುವುದು.

ಇಲ್ಲಿ ಪೂರ್ವಪಕ್ಷವೊಂದು ಹುಟ್ಟಬಹುದು. ಯಾತ್ರಿಕನು ಸಂತೋಷಕ್ಕಾಗಿ ಬರುವನು. ಪ್ರತಿ ಮಾತಿಗೂ ಪ್ರಮಾಣವನ್ನು ಕಟ್ಟಿದರೆ ಪುಸ್ತಕವು ನೀರಸವಾಗದೆ? ಐತಿಹ್ಯವನ್ನು ತೆಗೆದುಹಾಕಿದರೆ ಸ್ಥಳದ ಜೀವವೇ ಹೋಗದೆ? ಇದಕ್ಕೆ ಸಮಾಧಾನವೇನೆಂದರೆ, ತೆಗೆದುಹಾಕೆಂದು ಯಾರೂ ಹೇಳುತ್ತಿಲ್ಲ. ಮತಂಗಪರ್ವತದಲ್ಲಿ ಸುಗ್ರೀವನು ಅಡಗಿದ್ದನೆಂಬ ಕಥೆ ಯಾತ್ರಿಕರನ್ನು ಅಲ್ಲಿಗೆ ಕರೆದು ತಂದ ಶಕ್ತಿಯಾದಕಾರಣ ಅದೂ ಇತಿಹಾಸದ ಒಂದು ಅಂಗ. ಊರಿನವರು ಹೀಗೆ ಹೇಳುವರು, ಶಾಸನ ಹೀಗೆ ಹೇಳುತ್ತದೆ, ಪರದೇಶಿ ಹೀಗೆ ಕಂಡನು, ನಾನು ಹೀಗೆ ಊಹಿಸುವೆನು ಎಂಬ ನಾಲ್ಕು ಮಾತುಗಳನ್ನು ಬೇರೆಬೇರೆಯಾಗಿ ಇಟ್ಟರೆ ಸಾಕು. ವಿ. ಸೀತಾರಾಮಯ್ಯನವರ ಪಂಪಾಯಾತ್ರೆ ಇದಕ್ಕೆ ಒಂದು ನಿದರ್ಶನ. ಪ್ರಯಾಣ ಮಾಡಿದವನ ಅನುಭವವೇ ಅಲ್ಲಿ ಪ್ರಮಾಣ. ತನ್ನ ಮನಸ್ಸಿಗೆ ಆದುದನ್ನು ಲೇಖಕನು ತನ್ನದೆಂದೇ ಹೇಳುವನು. ಅದರ ರಸವೆಲ್ಲ ಆ ಪ್ರಾಮಾಣಿಕತೆಯಿಂದ ಬಂದುದು.

ಶಾಸನವೆಂದೊಡನೆ ಕಣ್ಣುಮುಚ್ಚಿ ನಂಬಬೇಕೆಂದೂ ನನ್ನ ಆಶಯವಲ್ಲ. ಶಾಸನದ ಪ್ರಶಸ್ತಿಭಾಗವೂ ಅರ್ಥವಾದವೇ. ಸಮುದ್ರದವರೆಗೆ ಆಳಿದನೆಂಬ ಮಾತು ಹೊಗಳಿಕೆ. ಆದರೆ ಯಾವ ದಿನ, ಯಾವ ದೇವರಿಗೆ, ಏನನ್ನು ಕೊಟ್ಟನೆಂಬ ದಾನಭಾಗದ ಬಲವೇ ಬೇರೆ. ವಿರೂಪಾಕ್ಷನ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕಕಾಲದ ಶಾಸನವು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಕೆತ್ತಿ ನಿಂತಿರುವುದು. ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿದವನಾರೆಂದು ಆ ಕಲ್ಲೇ ಹೇಳುತ್ತದೆ. ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸನು ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿಯೇ ಪ್ರಕಟಿಸಿದನು. ಹಂಪೆಯಲ್ಲಿಯೇ ಇರುವ ಕನ್ನಡ ವಿಶ್ವವಿದ್ಯಾಲಯವು ಅಲ್ಲಿನ ಶಾಸನಗಳನ್ನು ಕನ್ನಡದಲ್ಲಿ ಸಂಪುಟವಾಗಿ ಹೊರತಂದಿರುವುದರಿಂದ ಈಗ ಅಲಭ್ಯವೆಂಬ ನೆಪಕ್ಕೂ ಎಡೆಯಿಲ್ಲ. ಆದರೂ ಕನ್ನಡದ ಕೈಪಿಡಿಗಾರನು ಎದುರಿಗಿರುವ ಕನ್ನಡದ ಕಲ್ಲನ್ನು ಓದದೆ, ಇಂಗ್ಲಿಷಿನ ಪುಸ್ತಕದಿಂದ ಆ ಕಲ್ಲಿನ ಸುದ್ದಿಯನ್ನು ಭಾಷಾಂತರಿಸುವನು.

ಇದರಲ್ಲಿ ಹಾನಿಯೇನೆಂದು ಕೇಳುವವರಿಗೆ ವಿಠ್ಠಲಮಂದಿರದ ಕಂಬಗಳನ್ನು ತೋರಿಸಬಯಸುವೆನು. ಇವು ಸಪ್ತಸ್ವರ ನುಡಿಯುವ ಕಂಬಗಳು, ತಟ್ಟಿ ಕೇಳಬಹುದು ಎಂದು ಪುಸ್ತಕಗಳು ಬರೆದುವು. ಜನರು ತಲೆಮಾರುಗಳವರೆಗೆ ತಟ್ಟಿದರು. ಈಗ ಅವನ್ನು ತಟ್ಟುವುದು ನಿಷಿದ್ಧವಾಗಿದೆ. ೧೯೮೬ರಲ್ಲಿ ಲೋಕದ ಪರಂಪರೆಯ ಪಟ್ಟಿಗೆ ಸೇರಿದ ಸ್ಥಳವು ೧೯೯೯ರಿಂದ ೨೦೦೬ರವರೆಗೆ ಅಪಾಯದ ಪಟ್ಟಿಯಲ್ಲಿದ್ದುದಕ್ಕೆ ಕಾರಣಗಳು ಬೇರೆ. ಆದರೆ ಪುಸ್ತಕದ ಒಂದು ವಾಕ್ಯವೂ ಕಲ್ಲನ್ನು ಸವೆಸಬಲ್ಲದೆಂಬುದಕ್ಕೆ ಆ ಕಂಬಗಳೇ ಸಾಕ್ಷಿ. ಕಲ್ಲು ಸವೆದುದು ಕಣ್ಣಿಗೆ ಕಾಣುವುದು; ಓದುಗನ ವಿವೇಕ ಸವೆದುದು ಕಾಣುವುದಿಲ್ಲ.

ಆದಕಾರಣ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಸಲ ಹಂಪೆಗೆ ಹೋಗುವಾಗ ಕೈಪಿಡಿಯ ಜೊತೆಗೆ ಒಂದು ಶಾಸನದ ಪಾಠವನ್ನಾದರೂ ಬರೆದುಕೊಂಡು ಹೋಗಿ, ಅದನ್ನು ಕಲ್ಲಿನ ಮುಂದೆ ನಿಂತು ವಿದ್ಯಾರ್ಥಿಗಳಿಂದಲೇ ಓದಿಸಬೇಕು. ಆಮೇಲೆ ಕೈಪಿಡಿಯ ಅದೇ ಪ್ರಕರಣವನ್ನು ಓದಿಸಿ, ಯಾವ ಮಾತು ಗುಣವಾದ, ಯಾವುದು ಅನುವಾದ, ಯಾವುದು ಭೂತಾರ್ಥವೆಂದು ಅವರನ್ನೇ ಕೇಳಬೇಕು. ನನಗೆ ಪ್ರಶ್ನೆ ಕೇಳಿದ ಆ ಹುಡುಗನಂತಹವರು ಪ್ರತಿ ತರಗತಿಯಲ್ಲಿಯೂ ಒಬ್ಬರಾದರೂ ಇರುವರು. ಸಮಾಧಾನ ಹೇಳಿ ಮುಂದಕ್ಕೆ ನಡೆಯದೆ ಅವರೊಡನೆ ನಿಂತರೆ, ಹಂಪೆಯನ್ನು ಕುರಿತು ಕನ್ನಡದಲ್ಲಿ ಇನ್ನೂ ಬರಬೇಕಾಗಿರುವ ಗ್ರಂಥವನ್ನು ಅವರಲ್ಲೊಬ್ಬರು ಬರೆದಾರು.