ಗೆಜ್ಜೆ ಕಟ್ಟಿದ ಹಾಡು

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಹಾಡಿದೆ. ಅದನ್ನು ಹೆಡ್‌ಫೋನ್‌ನಲ್ಲಿ ಕೇಳುವ ಸುಖವೇ ಬೇರೆ. ಸ್ಟುಡಿಯೊದಲ್ಲಿ ದನಿಗೂ ವಾದ್ಯಗಳಿಗೂ ಮಿಕ್ಸಿಂಗ್ ವೇಳೆ ಅವುಗಳ ಜಾಗ ಹಂಚುತ್ತಾರೆ. ಒಂದು ಇನ್ನೊಂದರ ಕಾಲು ತುಳಿಯದು. ಹಾಡಿನ ಒಂದಕ್ಷರವೂ ತಪ್ಪಿಹೋಗದು. ಜೋಗಿಮಟ್ಟಿ ಬೆಟ್ಟದ ನೆತ್ತಿಯ ಮೇಲೆ ಮೈಕ್ ಇಟ್ಟರೆ ಗಾಳಿಯ ಬುಸುಗುಟ್ಟುವಿಕೆಯೇ ಮುಂದಾದೀತು. ಅಂಥದ್ದನ್ನೆಲ್ಲ ಹೊರಗಿಡುವುದೇ ಸ್ಟುಡಿಯೊದ ಕಸುಬು.

ವೇದಿಕೆಯ ಲೆಕ್ಕವೇ ಬೇರೆ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ನಿಲ್ಲುತ್ತಾರೆ. ಭರತನಾಟ್ಯ ಕಲಿತ ಕಾಲು ಸುಮ್ಮನಿರದು. ಡ್ರಮ್ಸ್ ಅಬ್ಬರಕ್ಕೆ ಗೆಜ್ಜೆಯ ಸದ್ದು ಮುಳುಗಿದರೂ ಕುಣಿತ ಕಣ್ಣಿಗೆ ಬೀಳುತ್ತದೆ, ತಾಳ ಅಲ್ಲಿಂದಲೇ ಜನರ ಕೈಗೆ ದಾಟುತ್ತದೆ. ಚಪ್ಪಾಳೆ ಏರಿದಂತೆ ಪಲ್ಲವಿ ಮತ್ತೊಮ್ಮೆ ಬರುತ್ತದೆ, ಪಿಟೀಲು ಇನ್ನಷ್ಟು ಬೆಳೆಯುತ್ತದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು.

ಕೇಳುಗರ ಜೊತೆ ಹಾಡು ಹೀಗೆ ಬೆಳೆಯುವುದು ಹೊಳಲ್ಕೆರೆ, ಹೊಸದುರ್ಗದ ಕಡೆಯ ಭಜನೆಯವರಿಗೇನೂ ಹೊಸತಲ್ಲ. ದಮ್ಮಡಿ ಬಿಸಿಯೇರಿದರೆ ತತ್ವಪದ ತಾನಾಗಿ ಉದ್ದವಾಗುತ್ತದೆ. ನಿನ್ನೆ ಹಾಡಿದಂತೆ ಇವತ್ತು ಹಾಡುವುದಿಲ್ಲ. ರಘು ತಂಡದ ಗಟ್ಟಿತನವೂ ಅಲ್ಲಿದೆ: ಪದದ ಅರ್ಥಕ್ಕೆ ಆಲ್ಬಂ ಕೇಳಿ, ಅದರ ಹುಚ್ಚು ಹತ್ತಬೇಕಾದರೆ ವೇದಿಕೆಯ ಮುಂದೆ ನಿಲ್ಲಿ.