ಲಿಪಿಕಾರನ ಲೇಖನಿ, ಕವಿಪತ್ನಿಯ ಕೀರ್ತಿ

ಕವಿಯ ಮನೆತನವನ್ನು ಅರಸಹೊರಟ ವಿಮರ್ಶಕನಿಗೆ ಇಂಗ್ಲೆಂಡಿನ ಹಳೆಯ ಚರ್ಚು ದಫ್ತರಗಳು ದೊಡ್ಡ ನಿಧಿ. ಎಚ್ಚರದಪ್ಪಿದವನಿಗೆ ಅವೇ ಮರೀಚಿಕೆ. ಷೇಕ್ಸ್‌ಪಿಯರನ ಚರಿತ್ರೆಯೇ ಇದಕ್ಕೆ ನಿದರ್ಶನ.

ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ಪ್ರತಿಯೊಂದು ಪ್ಯಾರಿಷ್‌ನಲ್ಲಿಯೂ ಬರೆದಿಡತಕ್ಕದ್ದೆಂದು 1538ರಲ್ಲಿ ಥಾಮಸ್ ಕ್ರಾಮ್ವೆಲ್ಲನು ಆಜ್ಞೆಮಾಡಿದನು. ಅದರ ಫಲವಾಗಿಯೇ, ಕವಿಗೆ 1564ನೆಯ ಏಪ್ರಿಲ್ 26ರಂದು ಸ್ಟ್ರಾಟ್‌ಫರ್ಡಿನಲ್ಲಿ ದೀಕ್ಷಾಸ್ನಾನವಾಯಿತೆಂಬುದು ನಮಗೆ ತಿಳಿದಿದೆ. ಏಪ್ರಿಲ್ 23 ಎಂಬ ಜನ್ಮದಿನವಾದರೋ ಊಹೆ. ದಫ್ತರವು ಅದನ್ನು ಹೇಳುವುದಿಲ್ಲ. ಈಗ ಉಳಿದಿರುವುದು ಮೂಲಲೇಖವೂ ಅಲ್ಲ. ಹಳೆಯ ಲೇಖಗಳನ್ನು ಚರ್ಮಪತ್ರಕ್ಕೆ ಎತ್ತಿ ಬರೆಯಬೇಕೆಂಬ 1598ರ ಆಜ್ಞೆಯಂತೆ ಸಿದ್ಧವಾದ ಪ್ರತಿ.

ವಿವಾಹದ ವಿಷಯವು ಇನ್ನೂ ತೊಡಕಾದುದು. ಅದು ಸ್ಟ್ರಾಟ್‌ಫರ್ಡಿನ ದಫ್ತರದಲ್ಲಿ ಇಲ್ಲ. ವುಸ್ಟರಿನ ಬಿಷಪ್ಪರ ದಫ್ತರದಲ್ಲಿ 1582ನೆಯ ನವೆಂಬರ್ 27ರಂದು ವರನು ‘ಷಾಕ್ಸ್‌ಪಿಯರ್’, ವಧು ಟೆಂಪಲ್ ಗ್ರಾಫ್ಟನ್ನಿನ ‘ಆನ್ ವೇಟ್ಲಿ’. ಮರುದಿನದ ಜಾಮೀನುಪತ್ರದಲ್ಲಿ ವರನು ‘ಷಾಗ್‌ಸ್ಪಿಯರ್’, ವಧು ಸ್ಟ್ರಾಟ್‌ಫರ್ಡಿನ ‘ಆನ್ ಹ್ಯಾಥ್ವೇ’. ಇಷ್ಟನ್ನೇ ನೆಚ್ಚಿ ಫ್ರಾಂಕ್ ಹ್ಯಾರಿಸನು 1909ರ ತನ್ನ ಗ್ರಂಥದಲ್ಲಿ, ಕವಿಯು ವೇಟ್ಲಿಯಲ್ಲಿ ಅನುರಕ್ತನಾಗಿದ್ದು ಹ್ಯಾಥ್ವೇಯನ್ನು ನಿರ್ಬಂಧದಿಂದ ವರಿಸಿದನೆಂದು ಕಥೆಕಟ್ಟಿದನು.

ವರನ ಹೆಸರಿನ ಎರಡು ರೂಪಗಳು ಒಂದೇ ಉಚ್ಚಾರದ ಎರಡು ಬರೆವಣಿಗೆಗಳು. ಕಾಗುಣಿತವು ಇನ್ನೂ ನೆಲೆಗೊಳ್ಳದಿದ್ದ ಆ ಕಾಲದಲ್ಲಿ ಕವಿಯ ಸ್ವಹಸ್ತಾಕ್ಷರಗಳಲ್ಲಿಯೇ ಏಕರೂಪತೆಯಿಲ್ಲ. ವಧುವಿನ ಹೆಸರಿನ ಭೇದವು ಹಾಗಲ್ಲ. ಅದನ್ನು ಉಚ್ಚಾರದಿಂದ ಮಾತ್ರ ಸಮರ್ಥಿಸಲಾಗದು. ಆದರೆ ಅದೇ ದಿನ ಅದೇ ನ್ಯಾಯಸ್ಥಾನದಲ್ಲಿ ವೇಟ್ಲಿಯೆಂಬ ಬೇರೊಬ್ಬನ ವ್ಯಾಜ್ಯವು ನಡೆದಿತ್ತು. ಕಿವಿಯಲ್ಲಿದ್ದ ಆ ಹೆಸರನ್ನು ಲಿಪಿಕಾರನು ಇಲ್ಲಿಯೂ ಬರೆದನೆಂಬುದೇ ಬಹುಮಂದಿ ವಿದ್ವಾಂಸರ ಸಮಾಧಾನ. ಊರು ಬೇರೆಯಾದುದಕ್ಕೆ ಇದು ಸಾಲದೆಂಬ ಆಕ್ಷೇಪವು ನ್ಯಾಯವಾದುದೇ. ಆದರೂ ಮತ್ತಾವ ಲೇಖದಲ್ಲಿಯೂ ಕಾಣದ ಆನ್ ವೇಟ್ಲಿಯನ್ನು ಈ ಒಂದು ಪಂಕ್ತಿಯಿಂದ ಪ್ರಾಣಪ್ರತಿಷ್ಠೆಮಾಡಲು ಅಧಿಕಾರವೆಲ್ಲಿಯದು?

ಇದು ಕೇವಲ ಪಂಡಿತರ ಅಕ್ಷರಕಲಹವಲ್ಲ. ಮೂರು ಮಕ್ಕಳನ್ನು ಹೆತ್ತು, 1596ರಲ್ಲಿ ಹ್ಯಾಮ್ನೆಟ್ಟನನ್ನು ಮಣ್ಣಿಗಿತ್ತ ತಾಯಿಯೊಬ್ಬಳು, ಲಿಪಿಕಾರನ ಒಂದು ಶಬ್ದದ ಬಲದಿಂದ, ಗಂಡನಿಗೆ ಬೇಡವಾದವಳೆಂಬ ಅಪವಾದಕ್ಕೆ ಗುರಿಯಾದಳು. ಹೆಸರೊಂದು ದೊರೆತಾಗ ಎರಡನೆಯ ಸಾಕ್ಷಿಯನ್ನು ಕೇಳುವುದು ವಿಮರ್ಶಕನ ಧರ್ಮ. ಅದು ದೊರೆಯುವವರೆಗೆ ಸತ್ತವರ ಮಾನವನ್ನು ಕಾಯುವುದೂ ಆತನ ಧರ್ಮವೇ.