ತಟ್ಟೆಯ ಮೇಲಿನ ಗಿಟಾರು

ಗಿಟಾರೆಂದರೆ ಸಿನಿಮಾ ಹಾಡಿನ ಹಿನ್ನೆಲೆಯೆಂದೇ ತಿಳಿದಿರುವ ನಮ್ಮ ಚಾಮರಾಜನಗರದ ಕಡೆ, ಅದೊಂದು ಗಂಭೀರ ವಾದ್ಯವೆಂದರೆ ಕೇಳಿದವರಿಗೆ ನಗು ಬಂದೀತು. ಆದರೆ ಅದು ತೀರ ಪರಕೀಯವೂ ಅಲ್ಲ. ಒಳ್ಳೆಯ ಗಿಟಾರಿನ ಬೆನ್ನಿಗೂ ಪಕ್ಕೆಗಳಿಗೂ ಬಹಳವಾಗಿ ಬಳಸುವುದು ಬೀಟೆ ಮರವನ್ನು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕರೆ ಅದೇ ಜಾತಿಯ ಮರ ಕಾಣುತ್ತದೆ.

ಗುಂಡ್ಲುಪೇಟೆಯ ಮಿತ್ರರೊಬ್ಬರ ಮನೆಯಲ್ಲಿ ಈಚೆಗೆ ಎರಡು ಸಂಜೆ ಕುಳಿತು ಕೇಳಿದ್ದು, ಸ್ಪೇನಿನ ಹೊಆಕಿನ್ ರೊದ್ರಿಗೊ 1939ರಲ್ಲಿ ರಚಿಸಿದ ‘ಅರಾನ್‌ಹ್ವೆಸ್ ಕಾನ್ಸರ್ಟೊ’. ಒಂಟಿ ವಾದ್ಯವೊಂದು ವಾದ್ಯವೃಂದದೊಡನೆ ಸಂವಾದಕ್ಕಿಳಿಯುವ ಕೃತಿಗೆ ಕಾನ್ಸರ್ಟೊ ಎಂದು ಹೆಸರು. ಜೂಲಿಯನ್ ಬ್ರೀಮ್ ಗಿಟಾರ್ ನುಡಿಸಿ 1963ರಲ್ಲಿ ಮುದ್ರಣಗೊಂಡ ತಟ್ಟೆ ಅದು. ಎಳೆತನದಲ್ಲೇ ಕಣ್ಣು ಕಳೆದುಕೊಂಡಿದ್ದ ರೊದ್ರಿಗೊ ಪಿಯಾನೋ ಬಲ್ಲವರು; ಗಿಟಾರ್ ನುಡಿಸುತ್ತಿರಲಿಲ್ಲ.

ಮೊದಲ ಭಾಗ ಕೇಳುತ್ತಿದ್ದಂತೆ ನನಗೊಂದು ಅನುಮಾನ ಹುಟ್ಟಿತು. ವೀಣೆಯ ಹಾಗೆ ಗಿಟಾರಿನದೂ ಕೋಣೆಯ ದನಿ. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದರೆ ಮುಳುಗಿಹೋಗಬೇಕಾದ್ದು. ತಟ್ಟೆಯಲ್ಲಿ ಮಾತ್ರ ಸರಿಸಮನಾಗಿ ನಿಂತಿದೆ. ಇದು ಮೈಕಿನ ದಾಕ್ಷಿಣ್ಯವಲ್ಲವೆ? ನಾವು ಮೆಚ್ಚುತ್ತಿರುವುದು ಕೃತಿಯನ್ನೋ, ಯಂತ್ರದ ಉಪಕಾರವನ್ನೋ?

ಎರಡನೆಯ ಭಾಗ ಈ ಅನುಮಾನವನ್ನು ಬಹುಮಟ್ಟಿಗೆ ತೀರಿಸಿತು. ಅಲ್ಲಿ ಗಿಟಾರು ಮೆಲ್ಲನೆ ತಂತಿಗಳನ್ನು ಸವರುತ್ತದೆ, ಅಷ್ಟೆ. ಓಬೋ ಜಾತಿಯ ಸುಷಿರವಾದ್ಯವೊಂದು ಅದರ ಮೇಲೆ ಅಳುಕುತ್ತ ರಾಗವನ್ನೆತ್ತುತ್ತದೆ. ಅದನ್ನೇ ಗಿಟಾರು ತಿರುಗಿ ನುಡಿಯುವಾಗ ವೃಂದ ಉಸಿರು ಹಿಡಿದಿರುತ್ತದೆ. ಕೊನೆಗೆ ವೃಂದವೆಲ್ಲ ಆ ರಾಗವನ್ನು ಎತ್ತಿ ಹಾಡುವ ಹೊತ್ತಿಗೆ ಗಿಟಾರು ಸುಮ್ಮನಾಗಿದೆ. ಗೆಲ್ಲಲಾಗದ ಸ್ಪರ್ಧೆಗೆ ಅದನ್ನು ನೂಕದಿರುವುದೇ ರೊದ್ರಿಗೊ ಅವರ ಜಾಣ್ಮೆ. ಮೂರನೆಯ ಭಾಗ ಹಗುರ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಆಮೇಲೆ ಸೆಗೋವಿಯಾ ನುಡಿಸಿದ ತಾರ್ರೆಗಾ ಕೃತಿ, ಅಲ್‌ಹಾಂಬ್ರಾ ಅರಮನೆಯ ನೆನಪುಗಳದ್ದು. ಇಲ್ಲಿ ವೃಂದವಿಲ್ಲ. ಹೆಬ್ಬೆರಳು ಕೆಳಗಿನ ಸ್ವರಗಳನ್ನು ನಡೆಸುತ್ತಿರಲು, ಉಳಿದ ಮೂರು ಬೆರಳು ಒಂದೇ ಸ್ವರವನ್ನು ಒಂದರ ಹಿಂದೊಂದು ಮೀಟುತ್ತ ಅದು ಆರದಂತೆ ನೋಡಿಕೊಳ್ಳುತ್ತವೆ. ನಮ್ಮ ವೈಣಿಕರ ದಾರಿ ಬೇರೆ. ಒಮ್ಮೆ ಮೀಟಿ, ಆರಿಹೋಗುತ್ತಿರುವ ನಾದವನ್ನೇ ತಂತಿಯೆಳೆದು ಮುಂದಿನ ಸ್ವರಕ್ಕೆ ಒಯ್ಯುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಆ ಗಮಕದ ಕೊನೆಯೆಳೆ ಸಭೆಯಲ್ಲಿ ಕೇಳಿಸುವುದೇ ಅಪರೂಪ, ತಟ್ಟೆಯಲ್ಲಿ ಕೇಳಿಸುತ್ತದೆ. ಮೈಕನ್ನು ಹಳಿಯಲು ಹೊರಟ ನಾನು ಇಲ್ಲಿ ಸ್ವಲ್ಪ ತಡೆಯಬೇಕಾಯಿತು.

ಎರಡನೆಯ ಸಂಜೆ ಮಿತ್ರರು ಬೇರೆ ತಟ್ಟೆ ತೆಗೆಯಲು ಎದ್ದರು. ಬೇಡ, ಕಾನ್ಸರ್ಟೊದ ನಡುವಿನ ಭಾಗವನ್ನೇ ಇನ್ನೊಮ್ಮೆ ಹಾಕಿ ಎಂದೆ.